ಹಡಗು ಎಷ್ಟು ಎಣ್ಣೆ ಕುಡಿಯುತ್ತೆ? ಲೆಕ್ಕ ಬಿಚ್ಚಿಟ್ಟ ವಿಲಿಯಂ ಫ್ರೂಡ್‌ನ ಬದುಕು

ನಮ್ಮೂರು ಹರದನಹಳ್ಳಿ ಅಂದ ತಕ್ಷಣ ಎದುರಿಗಿರೋರು ಕೇಳೋದು ಒಂದೇ ಪ್ರಶ್ನೆ, ದೇವೇಗೌಡರ ಊರಾ ಅಂತ. ಹೌದು, ಅದೇ ಊರು. ಹಾಸನ ಜಿಲ್ಲೆ, ಹೊಳೆನರಸೀಪುರ ತಾಲ್ಲೂಕು. ಆಮೇಲೆ ನನ್ನ ಕೆಲಸ ಏನು ಅಂತ ಕೇಳಿದರೆ ಮಾತು ಅಲ್ಲಿಗೆ ನಿಂತುಬಿಡುತ್ತೆ. ಸಮುದ್ರದಿಂದ ಸುಮಾರು 200 ಕಿಲೋಮೀಟರ್ ದೂರದ, ರಾಗಿ ತೆಂಗು ಬೆಳೆಯೋ ಊರಿನವನು ಹಡಗುಗಳು ಎಷ್ಟು ಎಣ್ಣೆ ಸುಡ್ತವೆ ಅಂತ ಲೆಕ್ಕ ಹಾಕಿ ಸಂಬಳ ತಗೊಳ್ತಾನೆ ಅಂದರೆ ಯಾರೂ ಬೇಗ ನಂಬಲ್ಲ.

ಕೆಲಸ ಸರಳ. ದಿನಾ ಮಧ್ಯಾಹ್ನ ಪ್ರತಿ ಹಡಗಿನಿಂದ ಒಂದು ವರದಿ ಬರುತ್ತೆ. ಅದಕ್ಕೆ ನೂನ್ ರಿಪೋರ್ಟ್ ಅಂತಾರೆ. ಹಿಂದಿನ 24 ಗಂಟೆಯಲ್ಲಿ ಎಷ್ಟು ದೂರ ಸಾಗಿದೆ, ಗಾಳಿ ಎಷ್ಟಿತ್ತು, ಅಲೆ ಎಷ್ಟಿತ್ತು, ಎಂಜಿನ್ ಎಷ್ಟು ಸುತ್ತಿತು, ಎಷ್ಟು ಟನ್ ಎಣ್ಣೆ ಖರ್ಚಾಯಿತು, ಇಷ್ಟೇ. ಇದನ್ನು ನೋಡಿ ಹಡಗು ಸರಿಯಾಗಿ ಓಡ್ತಿದೆಯಾ, ಸುಮ್ಮನೆ ಎಣ್ಣೆ ಕುಡೀತಿದೆಯಾ ಅಂತ ಹೇಳೋದು ನನ್ನ ಕೆಲಸ.

ಕೆಲವು ವರ್ಷಗಳ ಹಿಂದೆ ಒಂದು ಸರಕು ಹಡಗಿನ ವರದಿ ನೋಡ್ತಾ ಇದ್ದೆ. ಅದೇ ವೇಗ, ಅದೇ ಹೊರೆ, ಸಮುದ್ರವೂ ಶಾಂತವಾಗಿದೆ. ಆದರೆ ದಿನಕ್ಕೆ ಮೂರು ನಾಲ್ಕು ಟನ್ ಎಣ್ಣೆ ಜಾಸ್ತಿ. ಬೆಚ್ಚಗಿನ ನೀರಿನಲ್ಲಿ ವಾರಗಟ್ಟಲೆ ಲಂಗರು ಹಾಕಿ ನಿಂತಿದ್ದ ಹಡಗು ಅದು. ತಳಕ್ಕೆ ಪಾಚಿ, ಚಿಪ್ಪು ಹತ್ತಿಕೊಂಡಿದೆ, ಮುಳುಗುಗಾರರನ್ನು ಇಳಿಸಿ ಉಜ್ಜಿಸಿ ಅಂತ ಬರೆದೆ. ಮಾಲೀಕರ ಕಡೆಯವರು, ಎಣ್ಣೆ ದುಡ್ಡು ನಾವು ಕೊಡಲ್ಲ, ಬಾಡಿಗೆಗೆ ತಗೊಂಡೋರು ಕೊಡ್ತಾರೆ ಅಂದರು. ಬಾಡಿಗೆಗೆ ತಗೊಂಡೋರು, ಹಡಗು ನಮ್ಮದಲ್ಲ, ಇನ್ನೆರಡು ತಿಂಗಳಿಗೆ ವಾಪಸ್ ಕೊಡ್ತೀವಿ ಅಂದರು. ನನ್ನ ಟಿಪ್ಪಣಿ ಫೈಲಿನಲ್ಲಿ ಮಲಗಿತು. ಹಡಗು ಆ ಹೆಚ್ಚುವರಿ ಎಣ್ಣೆ ಸುಟ್ಟುಕೊಂಡೇ ಹೋಯಿತು.

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಕರೆಂಟ್ ಬಿಲ್ ಕಟ್ಟೋದು ಬಾಡಿಗೆದಾರ, ಹಳೇ ಗೀಸರ್ ಬದಲಾಯಿಸಬೇಕಾದವರು ಮನೆ ಮಾಲೀಕರು. ಇಬ್ಬರೂ ಕೈ ತೊಳ್ಕೋತಾರೆ. ವ್ಯತ್ಯಾಸ ಏನಪ್ಪಾ ಅಂದರೆ, ಒಂದು ಟನ್ ಹಡಗಿನ ಎಣ್ಣೆ ಸುಟ್ಟರೆ ಮೂರು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಆ ಬಿಲ್ಲು ಮಾಲೀಕರಿಗೂ ಬರಲ್ಲ, ಬಾಡಿಗೆದಾರರಿಗೂ ಬರಲ್ಲ.

ಅವತ್ತಿನ ಸಿಟ್ಟಿನಲ್ಲಿ ನನಗೆ ಒಂದು ಪ್ರಶ್ನೆ ಹುಟ್ಟಿತು. ತಳಕ್ಕೆ ಅಂಟಿದ ಒಂದು ಪದರ ಪಾಚಿ ಇಷ್ಟು ಎಣ್ಣೆ ತಿನ್ನುತ್ತೆ ಅಂತ ಮೊದಲು ಅಳೆದು ತೋರಿಸಿದವರು ಯಾರು? ಹುಡುಕುತ್ತಾ ಹೋದಾಗ ಸಿಕ್ಕವನು ವಿಲಿಯಂ ಫ್ರೂಡ್. ಸಿವಿಲ್ ಎಂಜಿನಿಯರಿಂಗ್ ಓದಿದ ಎಲ್ಲರೂ ಈ ಹೆಸರನ್ನು ಪರೀಕ್ಷೆಯಲ್ಲಿ ಬರೆದಿರ್ತಾರೆ, ಫ್ರೂಡ್ ನಂಬರ್ ಅಂತ. ಅಣೆಕಟ್ಟಿನ ಗೇಟಿನಿಂದ ಧುಮುಕುವ ನೀರು ಕೆಳಗೆ ಹೇಗೆ ಕುಪ್ಪಳಿಸುತ್ತೆ ಅನ್ನುವ ಲೆಕ್ಕಕ್ಕೂ ಅದೇ ಬೇಕು. ಹೆಸರು ಎಲ್ಲರಿಗೂ ಗೊತ್ತು, ಮನುಷ್ಯ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಪಾದ್ರಿಯ ಮಗ, ರೈಲಿನ ಎಂಜಿನಿಯರ್

ಫ್ರೂಡ್ ಹುಟ್ಟಿದ್ದು 1810ರ ನವೆಂಬರ್ 28ರಂದು, ಇಂಗ್ಲೆಂಡಿನ ಡೆವನ್ ಸೀಮೆಯ ಡಾರ್ಟಿಂಗ್ಟನ್‌ನಲ್ಲಿ. ಅಪ್ಪ ಚರ್ಚಿನ ದೊಡ್ಡ ಅಧಿಕಾರಿ. ಅಣ್ಣ ಹರೆಲ್ ಆಕ್ಸ್‌ಫರ್ಡಿನ ಧಾರ್ಮಿಕ ಚಳವಳಿಯ ಮುಂಚೂಣಿಯಲ್ಲಿದ್ದವನು. ತಮ್ಮ ಜೇಮ್ಸ್ ಆಂಟನಿ ಮುಂದೆ ಹೆಸರಾಂತ ಇತಿಹಾಸಕಾರನಾದ. ನಡುವಿನ ವಿಲಿಯಂಗೆ ಮಾತ್ರ ಗಣಿತದ ಹುಚ್ಚು. 1832ರಲ್ಲಿ ಆಕ್ಸ್‌ಫರ್ಡಿನಲ್ಲಿ ಗಣಿತದಲ್ಲಿ ಪ್ರಥಮ ದರ್ಜೆ ತಗೊಂಡು ರೈಲು ಕೆಲಸಕ್ಕೆ ಸೇರಿದ.

ಬ್ರಿಸ್ಟಲ್ ಮತ್ತು ಎಕ್ಸಿಟರ್ ರೈಲುಮಾರ್ಗದಲ್ಲಿ ಆತನ ಮೇಲಿದ್ದವನು ಆ ಕಾಲದ ಅತಿ ದೊಡ್ಡ ಎಂಜಿನಿಯರ್ ಇಸಂಬಾರ್ಡ್ ಬ್ರೂನೆಲ್. ನೇರ ಹಳಿಯಿಂದ ತಿರುವಿಗೆ ರೈಲು ಜಗ್ಗದೆ ಹೋಗಬೇಕಾದರೆ ತಿರುವು ನಿಧಾನವಾಗಿ ಶುರುವಾಗಬೇಕು ಅಂತ ಲೆಕ್ಕ ಹಾಕಿ ಹಳಿ ಹಾಕಿಸಿದವನು ಫ್ರೂಡ್. 1839ರಲ್ಲಿ ಕ್ಯಾಥರೀನ್ ಹೋಲ್ಡ್ಸ್‌ವರ್ತ್ ಜೊತೆ ಮದುವೆಯಾಯಿತು. 1846ರಲ್ಲಿ ಕೆಲಸ ಬಿಟ್ಟ. ಅಪ್ಪನಿಗೆ ಹುಷಾರಿರಲಿಲ್ಲ, ನೋಡಿಕೊಳ್ಳೋಕೆ ಊರಿಗೆ ವಾಪಸ್ ಬಂದ. 36ನೇ ವಯಸ್ಸಿನೊಳಗೇ ನೌಕರಿ ಮುಗಿದುಹೋಯಿತು. 1859ರಲ್ಲಿ ಅಪ್ಪ ತೀರಿಕೊಳ್ಳುವವರೆಗೂ ಊರಿನಲ್ಲೇ ಇದ್ದ.

ಮನೆಯಲ್ಲಿ ಆಸ್ತಿ ಇತ್ತು, ಅದನ್ನು ಮರೆಯೋದು ಬೇಡ. ಸಂಬಳ ಇಲ್ಲದೆ ಕೂತು ಯೋಚನೆ ಮಾಡುವ ಭಾಗ್ಯ ಎಲ್ಲರಿಗೂ ಸಿಗಲ್ಲ. ಆದರೆ ಆ ಭಾಗ್ಯ ಸಿಕ್ಕ ಸಾವಿರಾರು ಜನ ನರಿ ಬೇಟೆಯಾಡಿಕೊಂಡು ಕಾಲ ಕಳೆದರು. ಈತ ನೀರಿನ ಹಿಂದೆ ಬಿದ್ದ.

ಕಲ್ಲಿದ್ದಲಿಗಾಗಿ ದೊಡ್ಡದಾದ ಹಡಗು

ಕತೆಯಲ್ಲಿ ನಮ್ಮ ದೇಶ ಬರೋದು ಇಲ್ಲಿ. 1850ರ ದಶಕದಲ್ಲಿ ಉಗಿಹಡಗುಗಳ ದೊಡ್ಡ ತಲೆನೋವು ಕಲ್ಲಿದ್ದಲು. ಇಂಗ್ಲೆಂಡಿನಿಂದ ಭಾರತಕ್ಕೋ ಆಸ್ಟ್ರೇಲಿಯಾಕ್ಕೋ ಹೊರಟರೆ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಕಲ್ಲಿದ್ದಲು ತುಂಬಬೇಕು. ಆ ಕಲ್ಲಿದ್ದಲನ್ನೂ ಮೊದಲೇ ಬೇರೆ ಹಡಗಿನಲ್ಲಿ ಅಲ್ಲಿಗೆ ಸಾಗಿಸಿ ಇಟ್ಟಿರಬೇಕು. ಬ್ರೂನೆಲ್ ಹೇಳಿದ ಲೆಕ್ಕ ಇದು: ಹಡಗನ್ನು ಎಲ್ಲ ದಿಕ್ಕಿಗೂ ಎರಡರಷ್ಟು ದೊಡ್ಡದು ಮಾಡಿದರೆ ಒಳಗಿನ ಜಾಗ ಎಂಟು ಪಟ್ಟಾಗುತ್ತೆ, ನೀರಿಗೆ ತಾಗುವ ಮೈ ನಾಲ್ಕೇ ಪಟ್ಟು. ಹಾಗಾಗಿ ದೊಡ್ಡ ಹಡಗು ಒಂದೊಂದು ಟನ್ ಸರಕಿಗೆ ಕಡಿಮೆ ಕಲ್ಲಿದ್ದಲು ಸುಡುತ್ತೆ, ದೂರದ ಪಯಣಕ್ಕೆ ಬೇಕಾದಷ್ಟನ್ನು ತಾನೇ ಹೊತ್ತುಕೊಳ್ಳುತ್ತೆ. ಇವತ್ತಿನ ದೈತ್ಯ ಕಂಟೇನರ್ ಹಡಗುಗಳ ಹಿಂದೆ ಇರೋದೂ ಇದೇ ತರ್ಕ.

ಹೀಗೆ ಕಟ್ಟಿದ ಗ್ರೇಟ್ ಈಸ್ಟರ್ನ್ 692 ಅಡಿ ಉದ್ದ, ಹೊರಬಹುದಾಗಿದ್ದ ಕಲ್ಲಿದ್ದಲು ಸುಮಾರು 12,000 ಟನ್. ಇಷ್ಟು ದೊಡ್ಡದು ಅಲೆಯ ಮೇಲೆ ಹೇಗೆ ಹೊಯ್ದಾಡುತ್ತೆ ಅಂತ ಲೆಕ್ಕ ಹಾಕಿಕೊಡು ಅಂತ ಬ್ರೂನೆಲ್ ತನ್ನ ಹಳೇ ಸಹಾಯಕ ಫ್ರೂಡ್‌ಗೆ ಕೇಳಿದ. 1861ರಲ್ಲಿ ಫ್ರೂಡ್ ಹಡಗಿನ ಹೊಯ್ದಾಟದ ಬಗ್ಗೆ ಓದಿದ ಪ್ರಬಂಧ ಹುಟ್ಟಿದ್ದೇ ಅಲ್ಲಿಂದ. ಅಷ್ಟರಲ್ಲಿ ಬ್ರೂನೆಲ್ ಸತ್ತಿದ್ದ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಪೂರ್ವದ ದಾರಿಗೆಂದೇ ಕಟ್ಟಿದ ಹಡಗು ಪೂರ್ವದ ಹತ್ತಿರದ ದಾರಿಗೇ ಹಿಡಿಸದೆ ಹೋಯಿತು. ಕೊನೆಗೆ ಅದು ಭಾರತಕ್ಕೆ ಬಂದದ್ದು ಸರಕು ಹೊತ್ತಲ್ಲ, 1870ರಲ್ಲಿ ಮುಂಬೈ ಮತ್ತು ಏಡನ್ ನಡುವೆ ಟೆಲಿಗ್ರಾಫ್ ತಂತಿ ಹಾಸೋಕೆ.

ಫ್ರೂಡ್‌ಗೆ ಇದರಿಂದ ಒಂದು ವಿಷಯ ಮನದಟ್ಟಾಯಿತು. ಎಷ್ಟೇ ಬುದ್ಧಿವಂತರಾಗಿರಲಿ, ಹಡಗು ಕಟ್ಟೋರು ಅಂದಾಜಿನ ಮೇಲೆ ಕಟ್ತಿದ್ದಾರೆ. ನೀರು ಎಷ್ಟು ತಡೆಯೊಡ್ಡುತ್ತೆ ಅಂತ ಯಾರಿಗೂ ಮೊದಲೇ ಗೊತ್ತಿಲ್ಲ. ಕಟ್ಟಿ, ನೀರಿಗೆ ಇಳಿಸಿ, ಕಲ್ಲಿದ್ದಲು ಸುಟ್ಟಮೇಲೆ ಗೊತ್ತಾಗೋದು.

ಒಂದೇ ಮನೆ, ಎರಡು ದಾರಿ

ಹಡಗಿನ ಲೆಕ್ಕ ಓದೋಕೆ ಹೋದ ನನ್ನನ್ನು ಹಿಡಿದು ನಿಲ್ಲಿಸಿದ್ದು ಆತನ ಮನೆಯ ಕತೆ. 1857ರಲ್ಲಿ ಹೆಂಡತಿ ಕ್ಯಾಥರೀನ್ ಕ್ಯಾಥೊಲಿಕ್ ಧರ್ಮಕ್ಕೆ ಸೇರಿದಳು. ಅವತ್ತಿನ ಇಂಗ್ಲೆಂಡಿನಲ್ಲಿ, ಅದರಲ್ಲೂ ಆಂಗ್ಲಿಕನ್ ಪಾದ್ರಿಯ ಸೊಸೆಗೆ, ಇದು ಸಣ್ಣ ಮಾತಲ್ಲ. ಮಕ್ಕಳಲ್ಲೂ ಹೆಚ್ಚಿನವರು ಅಮ್ಮನ ದಾರಿ ಹಿಡಿದರು. ಫ್ರೂಡ್ ಹೋಗಲಿಲ್ಲ. ಯಾವ ತೀರ್ಮಾನವೂ ಸಂಶಯಕ್ಕೆ ಮೀರಿದ್ದಲ್ಲ, ಹೊಸ ಸಾಕ್ಷಿ ಬಂದರೆ ಬದಲಾಯಿಸಿಕೊಳ್ಳೋಕೆ ಸಿದ್ಧವಿರಬೇಕು ಅನ್ನೋದು ಆತನ ನಿಲುವು. ಕುಟುಂಬದ ಗೆಳೆಯ ಜಾನ್ ಹೆನ್ರಿ ನ್ಯೂಮನ್, ಮುಂದೆ ಕಾರ್ಡಿನಲ್ ಆದವನು, ಈ ವಿಷಯದಲ್ಲಿ ವರ್ಷಗಟ್ಟಲೆ ಪತ್ರ ಬರೆದು ವಾದ ಮಾಡಿದ. ಇಬ್ಬರೂ ಒಪ್ಪಲಿಲ್ಲ, ಇಬ್ಬರೂ ಮುನಿಸಿಕೊಳ್ಳಲೂ ಇಲ್ಲ. ಗಂಡ ಹೆಂಡತಿಯ ಸಂಸಾರ ಕೊನೆಯವರೆಗೂ ಚೆನ್ನಾಗಿಯೇ ಇತ್ತು.

ಇದನ್ನು ಯಾಕೆ ಹೇಳ್ತಿದೀನಿ ಅಂದರೆ, ಮತಾಂತರ ಅಂದಾಕ್ಷಣ ಮನೆ, ಬೀದಿ, ವಿಧಾನಸೌಧ ಎಲ್ಲ ಕಡೆ ಬೆಂಕಿ ಹತ್ತಿಸುವ ಕಾಲದಲ್ಲಿ ನಾವಿದ್ದೀವಿ. ಸಾಕ್ಷಿ ತೋರಿಸು ಅಂತ ಪಟ್ಟು ಹಿಡಿಯೋದೂ, ಎದುರಿನವರ ಆಯ್ಕೆಯನ್ನು ಗೌರವಿಸೋದೂ ಒಬ್ಬನೇ ಮನುಷ್ಯನಲ್ಲಿ ಜೊತೆಗಿರಬಹುದು. ಫ್ರೂಡ್ ಹಡಗಿನ ವಿಷಯದಲ್ಲೂ ಹೀಗೇ ಇದ್ದ.

ಹಂಸ ಮತ್ತು ಕಾಗೆ

ಆ ಕಾಲದಲ್ಲಿ ಹಡಗಿನ ಮೂತಿ ಚೂಪಾಗಿದ್ದಷ್ಟೂ ಒಳ್ಳೇದು ಅನ್ನೋ ನಂಬಿಕೆ ಬಲವಾಗಿತ್ತು. ಅದನ್ನು ಪ್ರತಿಪಾದಿಸಿದವನು ಗ್ರೇಟ್ ಈಸ್ಟರ್ನ್ ಕಟ್ಟಿದ ಸ್ಕಾಟ್ ರಸೆಲ್, ಹೆಸರಾಂತ ಮನುಷ್ಯ. 1867ರಲ್ಲಿ ಫ್ರೂಡ್ ಎರಡು ಆಕಾರದ ಮಾದರಿ ದೋಣಿ ಮಾಡಿದ. ಚೂಪು ಮೂತಿಯದಕ್ಕೆ ರೇವನ್, ಅಂದರೆ ಕಾಗೆ ಜಾತಿಯ ಹಕ್ಕಿಯ ಹೆಸರು. ದುಂಡು ಮೂತಿಯದಕ್ಕೆ ಸ್ವಾನ್, ಹಂಸ. ಒಂದೊಂದನ್ನೂ 3 ಅಡಿ, 6 ಅಡಿ, 12 ಅಡಿ, ಹೀಗೆ ಮೂರು ಅಳತೆಯಲ್ಲಿ ಮಾಡಿ, ಡಾರ್ಟ್ ನದಿಯಲ್ಲಿ ಉಗಿದೋಣಿಗೆ ಕಟ್ಟಿ ಎಳೆಸಿದ.

ಫಲಿತಾಂಶ ಯಾರ ಪರವೂ ಬರಲಿಲ್ಲ. ಒಂದು ವೇಗದಲ್ಲಿ ಕಾಗೆ ಗೆದ್ದರೆ ಇನ್ನೊಂದು ವೇಗದಲ್ಲಿ ಹಂಸ. ಯಾವಾಗಲೂ ಗೆಲ್ಲುವ ಆಕಾರ ಅಂತ ಇಲ್ಲ, ಎಷ್ಟು ವೇಗದಲ್ಲಿ ಓಡಿಸ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಇನ್ನೊಂದು ಸಂಗತಿಯೂ ಆತನ ಕಣ್ಣಿಗೆ ಬಿತ್ತು. ಸಣ್ಣ ಮಾದರಿಯನ್ನು ಸರಿಯಾದ ಸಣ್ಣ ವೇಗದಲ್ಲಿ ಎಳೆದರೆ ಅದು ಎಬ್ಬಿಸುವ ಅಲೆಯ ಚಿತ್ರ ದೊಡ್ಡದರ ಅಲೆಯ ಚಿತ್ರದ ಹಾಗೇ ಇರುತ್ತೆ, ಫೋಟೋ ಸಣ್ಣ ಮಾಡಿದಂತೆ.

ಹಾಸನದ ಕಡೆ ಕೆರೆ ಕಾಲುವೆ ಪಕ್ಕ ಬೆಳೆದವರೆಲ್ಲ ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ದೋಣಿ ಎಳೆದಿರ್ತಾರೆ. ಮೆಲ್ಲಗೆ ಎಳೆದರೆ ಸಲೀಸು, ಜೋರಾಗಿ ಎಳೆದರೆ ಮುಂದೆ ನೀರು ಗುಡ್ಡೆಯಾಗಿ ಕೈ ಭಾರವಾಗುತ್ತೆ. ಆ ಭಾರವನ್ನೇ ಫ್ರೂಡ್ ಎರಡಾಗಿ ಬಿಡಿಸಿದ. ಒಂದು, ನೀರು ಮೈಗೆ ಉಜ್ಜುವುದರಿಂದ ಆಗುವ ತಡೆ. ಇನ್ನೊಂದು, ಅಲೆ ಎಬ್ಬಿಸೋಕೆ ಹೋಗುವ ಶಕ್ತಿ. ಎರಡಕ್ಕೂ ಲೆಕ್ಕ ಬೇರೆ. ಉಜ್ಜಾಟವನ್ನು ಬೇರೆ ಅಳೆದು ಕಳೆದರೆ, ಉಳಿದದ್ದನ್ನು ಮಾದರಿಯಿಂದ ನಿಜವಾದ ಹಡಗಿಗೆ ಏರಿಸಬಹುದು. ಹಡಗಿನ 16ನೇ ಒಂದು ಭಾಗದಷ್ಟು ಮಾದರಿಯಾದರೆ, 12 ನಾಟ್ ವೇಗದ ಹಡಗಿಗೆ ಮಾದರಿಯನ್ನು 3 ನಾಟ್‌ನಲ್ಲಿ ಎಳೆಯಬೇಕು. ಸಿಕ್ಕ ಅಲೆಯ ತಡೆಯನ್ನು 16ರ ಘನ, ಅಂದರೆ 4,096ರಿಂದ ಗುಣಿಸಬೇಕು. ಅಷ್ಟೇ. ಇವತ್ತಿಗೂ ಹಡಗು ಕಟ್ಟುವ ಮುನ್ನ ಮಾದರಿ ಎಳೆದು ನೋಡುವಾಗ ಮೂಲ ಲೆಕ್ಕ ಇದೇ.

ಸರ್ಕಾರದ 2,000 ಪೌಂಡ್

1868ರಲ್ಲಿ ಫ್ರೂಡ್ ಬ್ರಿಟಿಷ್ ನೌಕಾಪಡೆಗೆ ಒಂದು ಪ್ರಸ್ತಾಪ ಬರೆದ. ಗಾಳಿ ಅಲೆ ಇಲ್ಲದ ಮುಚ್ಚಿದ ಕೊಳ ಕಟ್ಟಿಕೊಡಿ, ಅಲ್ಲಿ ಮಾದರಿ ಎಳೆದು ಅಳೀತೀನಿ ಅಂತ. ಸುಲಭವಾಗಿ ಆಗಲಿಲ್ಲ. ವಿಜ್ಞಾನಿಗಳ ಸಮಿತಿಯೊಂದು ಮಾದರಿ ಬೇಡ, ನಿಜವಾದ ಹಡಗಿನ ಮೇಲೆಯೇ ಪರೀಕ್ಷೆ ಆಗಲಿ ಅಂದಿತು. ಆ ಸಮಿತಿಯಲ್ಲೇ ಇದ್ದ ಫ್ರೂಡ್ ಭಿನ್ನಮತ ಬರೆದ. ಸ್ಕಾಟ್ ರಸೆಲ್ ಸಭೆಯಲ್ಲಿ, ಸಣ್ಣ ಮಾದರಿಯ ಪ್ರಯೋಗ ನೋಡೋಕೆ ಚಂದ, ದೊಡ್ಡ ಹಡಗಿಗೆ ಕೆಲಸಕ್ಕೆ ಬರಲ್ಲ ಅನ್ನುವಂತೆ ತಳ್ಳಿಹಾಕಿದ. ಆದರೆ ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್ ಬೆನ್ನಿಗೆ ನಿಂತ. 1870ರ ಫೆಬ್ರವರಿಯಲ್ಲಿ 2,000 ಪೌಂಡ್ ಮಂಜೂರಾಯಿತು. ಫ್ರೂಡ್ ತನಗೆ ಸಂಬಳ ಬೇಡ ಅಂದ.

ಅದೇ ವರ್ಷ ನಡೆದ ಒಂದು ದುರಂತ ಇಲ್ಲಿ ಹೇಳಲೇಬೇಕು. ಎಚ್‌ಎಂಎಸ್ ಕ್ಯಾಪ್ಟನ್ ಅನ್ನೋ ಯುದ್ಧಹಡಗು ನೌಕಾಪಡೆಯ ವಿನ್ಯಾಸಕರು ಬೇಡ ಅಂದರೂ ಕಟ್ಟಲಾಗಿತ್ತು. ಅದನ್ನು ಕಲ್ಪಿಸಿದ ಕೌಪರ್ ಕೋಲ್ಸ್ ಜನಪ್ರಿಯ ವ್ಯಕ್ತಿ. ಪತ್ರಿಕೆಗಳು ಆತನ ಪರ, ಪಾರ್ಲಿಮೆಂಟಿನಲ್ಲೂ ಆತನ ಪರ ಒತ್ತಡ. ಅದು ಸ್ಥಿರವಾಗಿ ನಿಲ್ಲಲ್ಲ ಅಂತ ರೀಡ್ ಎಚ್ಚರಿಸಿದ, ಯಾರೂ ಕೇಳಲಿಲ್ಲ, 1870ರ ಜುಲೈನಲ್ಲಿ ರಾಜೀನಾಮೆ ಕೊಟ್ಟು ಹೊರಟ. ಸೆಪ್ಟೆಂಬರ್ 7ರ ರಾತ್ರಿ ಸ್ಪೇನ್ ತೀರದಾಚೆ ಬಿರುಗಾಳಿಗೆ ಸಿಕ್ಕಿ ಹಡಗು ಮಗುಚಿತು. ಕೋಲ್ಸ್ ಸೇರಿ ಸುಮಾರು 480 ಜನ ಸತ್ತರು. ಲೆಕ್ಕವನ್ನು ಜನಪ್ರಿಯತೆಯ ಕೆಳಗೆ ಹಾಕಿದರೆ ಏನಾಗುತ್ತೆ ಅಂತ ಇದಕ್ಕಿಂತ ಕಹಿಯಾದ ಉದಾಹರಣೆ ಬೇಡ. ಆಮೇಲೆ ಹಡಗುಗಳ ವಿನ್ಯಾಸ ಪರಿಶೀಲಿಸೋಕೆ ಹಾಕಿದ ಸಮಿತಿಯಲ್ಲಿ ಫ್ರೂಡ್ ಸದಸ್ಯ. ಅಧ್ಯಕ್ಷ ಲಾರ್ಡ್ ಡಫರಿನ್, ಮುಂದೆ ನಮ್ಮ ವೈಸ್‌ರಾಯ್ ಆಗಿ ಬಂದವನು.

ಟಾರ್ಕಿಯಲ್ಲಿ ಫ್ರೂಡ್ ಮನೆ ಹತ್ತಿರವೇ ಕೊಳ ಎದ್ದಿತು. 278 ಅಡಿ ಉದ್ದ, 36 ಅಡಿ ಅಗಲ, 10 ಅಡಿ ಆಳ, ಮೇಲೆ ಸೂರು. ನೀರಿನ ಮೇಲೆ ಹಳಿ, ಹಳಿಯ ಮೇಲೆ ಗಾಡಿ, ಗಾಡಿಗೆ ಕಟ್ಟಿದ ಮಾದರಿ, ಎಳೆತ ಅಳೆಯೋ ಯಂತ್ರ. ಮಾದರಿ ಮಾಡಿದ್ದು ಪ್ಯಾರಫಿನ್ ಮೇಣದಲ್ಲಿ. ಕೆತ್ತೋದು ಸುಲಭ, ನೀರು ಹೀರಲ್ಲ, ಬೇಡವಾದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು. 1872ರಲ್ಲಿ ಕೆಲಸ ಶುರುವಾಯಿತು. ಮಗ ಎಡ್ಮಂಡ್ ಜೊತೆಗೆ ನಿಂತ, ಬ್ರೂನೆಲ್‌ನ ಮಗ ಹೆನ್ರಿಯೂ ಕೈ ಜೋಡಿಸಿದ.

ಮಾದರಿಯ ಮಾತನ್ನು ನಂಬಬಹುದಾ ಅನ್ನೋ ಪ್ರಶ್ನೆಗೆ ಉತ್ತರ ಬೇಕಿತ್ತಲ್ಲ. ಅದಕ್ಕೆ ಗ್ರೇಹೌಂಡ್ ಅನ್ನೋ 172 ಅಡಿಯ ನಿಜವಾದ ಹಡಗನ್ನು ಇನ್ನೊಂದು ಹಡಗಿನಿಂದ ಎಳೆಸಿ ಅಳೆದರು. ಎಳೆಯುವ ಹಡಗಿನ ಹಿಂದಿನ ಕಲಕಿದ ನೀರು ತಾಗದ ಹಾಗೆ ಪಕ್ಕಕ್ಕೆ ಉದ್ದದ ದೂಲ ಚಾಚಿ ಹಗ್ಗ ಕಟ್ಟಿದ್ದರು. 16ನೇ ಒಂದು ಅಳತೆಯ ಮಾದರಿ ಹೇಳಿದ್ದೂ, ಹಡಗು ಹೇಳಿದ್ದೂ ತಾಳೆಯಾಯಿತು. ಜೊತೆಗೆ ಇನ್ನೊಂದು ಮುಜುಗರದ ಸತ್ಯವೂ ಹೊರಬಿತ್ತು. ಎಂಜಿನ್ ಹುಟ್ಟಿಸುವ ಶಕ್ತಿಯಲ್ಲಿ ಅರ್ಧಕ್ಕಿಂತಲೂ ಕಡಿಮೆ ಮಾತ್ರ ಹಡಗನ್ನು ಮುಂದಕ್ಕೆ ತಳ್ಳೋಕೆ ಬಳಕೆಯಾಗುತ್ತಿತ್ತು. ಉಳಿದದ್ದೆಲ್ಲ ಯಂತ್ರದಲ್ಲೂ ಪ್ರೊಪೆಲರ್‌ನಲ್ಲೂ ವ್ಯರ್ಥ.

ಬಟ್ಟೆ ಸುತ್ತಿದ ಹಲಗೆ

ನನ್ನ ಪಾಚಿ ಹತ್ತಿದ ಹಡಗಿಗೆ ಉತ್ತರ ಸಿಕ್ಕಿದ್ದು ಇಲ್ಲಿ. ನೀರಿನ ಉಜ್ಜಾಟ ಅಳೆಯೋಕೆ ಫ್ರೂಡ್ ತೆಳ್ಳನೆಯ ಹಲಗೆಗಳನ್ನು ಎಳೆಸಿದ. 2 ಅಡಿಯಿಂದ 50 ಅಡಿ ಉದ್ದದವರೆಗೆ. ಕೆಲವಕ್ಕೆ ವಾರ್ನಿಷ್, ಕೆಲವಕ್ಕೆ ಮೇಣ, ಕೆಲವಕ್ಕೆ ಮರಳು, ಕೆಲವಕ್ಕೆ ಹತ್ತಿ ಬಟ್ಟೆ. ವಾರ್ನಿಷ್ ಹಚ್ಚಿದ ನುಣುಪು ಹಲಗೆಗಿಂತ ಬಟ್ಟೆ ಸುತ್ತಿದ ಹಲಗೆಯ ತಡೆ ಸುಮಾರು ಎರಡು ಪಟ್ಟಿನ ಹತ್ತಿರ ಬಂತು. ಬರೀ ಬಟ್ಟೆ! 1872 ಮತ್ತು 1874ರಲ್ಲಿ ವರದಿ ಪ್ರಕಟವಾಯಿತು. ಯಾರು ಬೇಕಾದರೂ ಓದಬಹುದಿತ್ತು.

ಟಾರ್ಕಿ ಊರಿನ ಕುಡಿಯುವ ನೀರಿನ ಪೈಪಿನಲ್ಲೂ ಆತ ಇದೇ ಕಾಯಿಲೆ ಕಂಡಿದ್ದ. ಒಳಗೆ ತುಕ್ಕು ಕಟ್ಟಿ ನೀರು ಕಡಿಮೆ ಬರುತ್ತಿತ್ತು. ನೀರಿನ ಒತ್ತಡದಿಂದಲೇ ಪೈಪಿನೊಳಗೆ ಹೋಗಿ ಕೆರೆಯುವ ಸಾಧನ ರೂಪಿಸೋಕೆ ಕೈ ಹಚ್ಚಿದ. ಪಂಚಾಯಿತಿ ನಲ್ಲಿ ಮುಂದೆ ಬಿಂದಿಗೆ ಇಟ್ಟು ಕಾದ ನಮ್ಮೂರಿನವರಿಗೆ ಇದರ ಬೆಲೆ ಗೊತ್ತು.

ಇವತ್ತು ಇದೇ ಮಾತನ್ನು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಅಂದರೆ ಐಎಂಒ, ಹೇಳ್ತಿದೆ. ಅರ್ಧ ಮಿಲಿಮೀಟರ್ ದಪ್ಪದ ಲೋಳೆ ಹಡಗಿನ ತಳದ ಅರ್ಧದಷ್ಟು ಭಾಗಕ್ಕೆ ಹತ್ತಿದರೂ ಹೊಗೆ ಶೇ 25ರಿಂದ 30ರಷ್ಟು ಹೆಚ್ಚಾಗಬಹುದು ಅಂತ ಅದರ ಯೋಜನೆಯೊಂದರ ವರದಿ ಹೇಳುತ್ತೆ. ವೇಗದ ಲೆಕ್ಕವೂ ಅಷ್ಟೇ. ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದಂತೆ ಏರುತ್ತೆ. ಶೇ 10ರಷ್ಟು ವೇಗ ಇಳಿಸಿದರೆ, ತಲುಪೋಕೆ ಹಿಡಿಯುವ ಹೆಚ್ಚಿನ ಸಮಯವನ್ನೂ ಸೇರಿಸಿ, ಆ ಪಯಣದ ಎಣ್ಣೆ ಸುಮಾರು ಶೇ 19ರಷ್ಟು ಉಳಿಯುತ್ತೆ. ಹೊಸ ಎಂಜಿನ್ ಬೇಡ, ಹೊಸ ಇಂಧನ ಬೇಡ. ಉಜ್ಜಿದರೆ ಸಾಕು, ಸ್ವಲ್ಪ ನಿಧಾನ ಹೋದರೆ ಸಾಕು.

ಅದೇ ವರ್ಷಗಳಲ್ಲಿ ನಮ್ಮಲ್ಲಿ

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತೆ. ಫ್ರೂಡ್ ಕೆಲಸ ಮಾಡಿದ್ದು ಸಾಮ್ರಾಜ್ಯದ ನೌಕಾಪಡೆಗೆ. ಟಾರ್ಕಿಯಲ್ಲಿ ಮೇಣದ ಮಾದರಿ ಓಡುತ್ತಿದ್ದ ಹೊತ್ತಿನಲ್ಲೇ, 1876ರಿಂದ 78ರವರೆಗೆ, ಮೈಸೂರು ಮತ್ತು ಮದ್ರಾಸ್ ಸೀಮೆಯಲ್ಲಿ ಮಹಾ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಜನ ಸಾಯುತ್ತಿದ್ದಾಗಲೂ ಭಾರತದ ಬಂದರುಗಳಿಂದ ಧಾನ್ಯ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಹಡಗು ಸಲೀಸಾಗಿ, ಅಗ್ಗವಾಗಿ ಓಡೋದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಯಾರ ಹೊಟ್ಟೆಗೆ ಏನನ್ನು ಹೊತ್ತು ಓಡುತ್ತೆ ಅನ್ನೋದು ರಾಜಕೀಯ. ಆ ಪ್ರಶ್ನೆ ಫ್ರೂಡ್ ಕೇಳಿದ ಕುರುಹು ನನಗೆ ಕಾಣಲಿಲ್ಲ. ಅದನ್ನು ನಾವು ಕೇಳಬೇಕು.

1878ರಲ್ಲಿ ಕ್ಯಾಥರೀನ್ ತೀರಿಕೊಂಡಳು. ಫ್ರೂಡ್ ಕುಗ್ಗಿದ. ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ನೌಕಾಪಡೆ ಬೋಡಿಸೀಯ ಅನ್ನೋ ಹಡಗಿನಲ್ಲಿ ಅತಿಥಿಯಾಗಿ ದಕ್ಷಿಣ ಆಫ್ರಿಕಾಕ್ಕೆ ಕರೆದೊಯ್ಯಿತು. ಊರಿಗೆ ಮರಳುವ ಮುಂಚೆ ಆಮಶಂಕೆ ಹಿಡಿಯಿತು. 1879ರ ಮೇ 4ರಂದು ಗುಡ್ ಹೋಪ್ ಭೂಶಿರದ ಹತ್ತಿರದ ಸೈಮನ್ಸ್‌ಟೌನ್‌ನಲ್ಲಿ ಸತ್ತ. ನೌಕಾಪಡೆ ಪೂರ್ಣ ಗೌರವದೊಂದಿಗೆ ಅಲ್ಲೇ ಮಣ್ಣು ಮಾಡಿತು. 68 ವರ್ಷ.

ಕೆಲಸ ಮುಂದುವರೀತು. ಮಗ ಎಡ್ಮಂಡ್ 1886ರಲ್ಲಿ ಹ್ಯಾಸ್ಲರ್‌ನಲ್ಲಿ ದೊಡ್ಡ ಕೊಳ ಕಟ್ಟಿಸಿದ. ಅದಕ್ಕೂ ಮೊದಲೇ, 1883ರಲ್ಲಿ, ಸ್ಕಾಟ್ಲೆಂಡಿನ ಡೆನ್ನಿ ಹಡಗುಕಟ್ಟೆಯವರು ಫ್ರೂಡ್‌ನ ವಿಧಾನ ಹಿಡಿದು ವಾಣಿಜ್ಯ ಹಡಗುಗಳಿಗೆಂದೇ ಮೊದಲ ಪರೀಕ್ಷಾ ಕೊಳ ಕಟ್ಟಿದರು. ಭಾರತದ ಕರಾವಳಿ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಬ್ರಿಟಿಷ್ ಇಂಡಿಯಾ ಕಂಪನಿಯ ಎಷ್ಟೋ ಹಡಗು ಕಟ್ಟಿದವರು ಅದೇ ಡೆನ್ನಿಯವರು. ಸರ್ಕಾರದ ದುಡ್ಡಿನಲ್ಲಿ ಹುಟ್ಟಿದ ತಿಳಿವಳಿಕೆ ಖಾಸಗಿ ಹಡಗಿನ ಕಲ್ಲಿದ್ದಲು ಉಳಿಸಿತು.

ಲೆಕ್ಕ ಯಾರ ಸ್ವತ್ತು?

ಈಗ ನಮ್ಮ ಕಾಲಕ್ಕೆ ಬರೋಣ. ಸಕಲೇಶಪುರ, ಬೇಲೂರಿನ ಕಾಫಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹರಾಜಾಗುವ ತಂಬಾಕು, ಇವು ಹಡಗು ಹತ್ತಿ ಹೊರದೇಶಕ್ಕೆ ಹೋಗುವ ಬೆಳೆಗಳು. ಶಿರಾಡಿ ಘಾಟಿ ಇಳಿದು ಮಂಗಳೂರಿನ ಬಂದರು ಸೇರುವ ಕಾಫಿ ಮೂಟೆಯ ಬೆಲೆಯಲ್ಲಿ ಹಡಗಿನ ಎಣ್ಣೆಯ ಬೆಲೆಯೂ ಸೇರಿದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಯುರೋಪಿಗೆ ಹೋಗುವ ಸರಕು ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು, ಫ್ರೂಡ್‌ನ ಸಮಾಧಿ ಇರುವ ಭೂಶಿರದ ಪಕ್ಕದಲ್ಲೇ. ಸಾವಿರಾರು ಮೈಲಿ ಹೆಚ್ಚು ದಾರಿ. ಆಗ ಒಂದೊಂದು ಟನ್ ಎಣ್ಣೆಯೂ ಲೆಕ್ಕಕ್ಕೆ ಬರುತ್ತೆ, ಸಾಗಣೆ ದರ ಏರುತ್ತೆ, ಅದರ ಪೆಟ್ಟು ಬೆಳೆಗಾರನವರೆಗೂ ಬರುತ್ತೆ.

ಜಗತ್ತಿನ ಹಸಿರುಮನೆ ಅನಿಲದಲ್ಲಿ ಹಡಗುಗಳ ಪಾಲು ಸುಮಾರು ಶೇ 3. ದೊಡ್ಡ ಹಡಗುಗಳು ವರ್ಷಕ್ಕೆ ಎಷ್ಟು ಎಣ್ಣೆ ಸುಟ್ಟವು ಅನ್ನೋ ಮಾಹಿತಿ 2019ರಿಂದ ಐಎಂಒಗೆ ಹೋಗುತ್ತಿದೆ. 2023ರಿಂದ ಹಡಗುಗಳಿಗೆ ಎ ಯಿಂದ ಇ ವರೆಗೆ ದರ್ಜೆಯೂ ಇದೆ. ಆದರೆ ಯಾವ ಹಡಗು ಎಷ್ಟು ಸುಟ್ಟಿತು ಅಂತ ಹೆಸರು ಸಹಿತ ಅಲ್ಲಿ ಸಾರ್ವಜನಿಕರಿಗೆ ಸಿಗಲ್ಲ. ತನ್ನ ಬಂದರಿಗೆ ಬರುವ ದೊಡ್ಡ ಹಡಗುಗಳ ಲೆಕ್ಕವನ್ನು ಯುರೋಪಿಯನ್ ಒಕ್ಕೂಟ ಹೆಸರು ಸಮೇತ ಪ್ರಕಟಿಸುತ್ತೆ. ಅಲ್ಲಿ ಆಗೋದು ಇಲ್ಲಿ ಯಾಕಾಗಬಾರದು? ನಮ್ಮೂರ ರಸ್ತೆಗೆ ಎಷ್ಟು ಬಿಲ್ ಆಯಿತು ಅಂತ ಆರ್‌ಟಿಐ ಹಾಕಿ ಕೇಳ್ತೀವಿ. ನವಮಂಗಳೂರು ಬಂದರಿಗೆ ಬಂದುಹೋಗುವ ಹಡಗಿನ ಹೊಗೆಯ ಲೆಕ್ಕವೂ ನಮ್ಮದೇ ಗಾಳಿಯ ಲೆಕ್ಕ ತಾನೇ?

2025ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಐಎಂಒ ಸಭೆ ಸೇರಿತ್ತು. ಹಡಗಿನ ಇಂಗಾಲಕ್ಕೆ ಬೆಲೆ ಕಟ್ಟುವ ಒಪ್ಪಂದ ಅಂಗೀಕಾರ ಆಗಬೇಕಿತ್ತು. ಅಮೆರಿಕದ ಭಾರೀ ವಿರೋಧದ ನಡುವೆ ತೀರ್ಮಾನವನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಎಣ್ಣೆ ಸುಡೋರಿಗೆ ಬಿಲ್ಲು ಬರುವ ದಿನ ಮತ್ತೆ ಮುಂದಕ್ಕೆ ಹೋಯಿತು. ನಮ್ಮ ಮಲ್ಪೆಯ ಹಡಗುಕಟ್ಟೆಯಲ್ಲಿ ನಾರ್ವೆಯ ಕಂಪನಿಗಾಗಿ ಡೀಸೆಲ್ ಎಲೆಕ್ಟ್ರಿಕ್ ಸರಕು ಹಡಗುಗಳನ್ನು ಕಟ್ಟುತ್ತಿದ್ದಾರೆ. ಕಡಿಮೆ ಸುಡುವ ಹಡಗು ಕಟ್ಟುವ ಕೈಗಳು ಉಡುಪಿಯಲ್ಲೇ ಇವೆ ಅಂದಮೇಲೆ ಇದು ದೂರದ ಲಂಡನ್ನಿನ ಸುದ್ದಿ ಮಾತ್ರ ಅಲ್ಲ.

ಫ್ರೂಡ್‌ನನ್ನು ದೇವರು ಮಾಡುವ ಅಗತ್ಯ ಇಲ್ಲ. ಆಸ್ತಿವಂತ, ಸಾಮ್ರಾಜ್ಯದ ಮನುಷ್ಯ. ಆದರೆ ಆತ ಮಾಡಿದ ಮೂರು ಕೆಲಸ ಇವತ್ತಿಗೂ ಬೇಕು. ನಂಬಿಕೆಯ ಜಾಗದಲ್ಲಿ ಅಳತೆ ಇಟ್ಟ. ಆ ಅಳತೆಗೆ ಸರ್ಕಾರ ದುಡ್ಡು ಹಾಕಬೇಕು ಅಂತ ಕೇಳಿ ತಗೊಂಡ. ಸಿಕ್ಕಿದ್ದನ್ನು ಮುಚ್ಚಿಡದೆ ಪ್ರಕಟಿಸಿದ. 150 ವರ್ಷ ಆದಮೇಲೆ ನಮ್ಮ ಹತ್ತಿರ ಸೆನ್ಸರ್ ಇದೆ, ಉಪಗ್ರಹ ಇದೆ, ದಿನಾ ಬರುವ ವರದಿ ಇದೆ. ಎಷ್ಟು ವ್ಯರ್ಥ ಆಗ್ತಿದೆ ಅಂತ ಗೊತ್ತಿದೆ, ಯಾಕೆ ಆಗ್ತಿದೆ ಅಂತಲೂ ಗೊತ್ತಿದೆ. ಗೊತ್ತಿರೋದು ನನ್ನಂಥವರ ಫೈಲಿನಲ್ಲಿ ಮಲಗಿದೆ.

ಈಗಲೂ ಊರಿಗೆ ಹೋದಾಗ ಅಪ್ಪ ಕೇಳ್ತಾರೆ, ಆ ಹಡಗು ಉಜ್ಜಿಸಿದರೇನೋ ಅಂತ. ಇಲ್ಲಪ್ಪ ಅಂತೀನಿ. ಬಾವಿಯ ಮೋಟರ್ ಫೂಟ್‌ವಾಲ್ವ್‌ನಲ್ಲಿ ಕಸ ಕಟ್ಟಿಕೊಂಡರೆ ಅವರು ಅವತ್ತೇ ಮೇಲೆತ್ತಿ ತೊಳೀತಾರೆ. ನೀರೂ ಅವರದೇ, ಮೋಟರೂ ಅವರದೇ. ಸಮುದ್ರವೂ ಗಾಳಿಯೂ ನಮ್ಮದೇ ಅಂತ ಹೇಳೋಕೆ ನಮಗೆ ಇನ್ನೂ ಎಷ್ಟು ದಿನ ಬೇಕು?